ಬ್ಯಾರೆ ರೊಟ್ಟಿ

ಮುದಗಲ್ಲಿನಿಂದ ಮೂರು ಹರದಾರಿ ನಮ್ಮೂರು.
ನಲವತ್ತೆಂಟು ವರ್ಷದ ಹಿಂದೆ ಅಲ್ಲೊಂದು ಸಿನಿಮಾ ತೆಗೆದರು.
ಈಗ ಅದು ನನ್ನ ಫೋನಿನೊಳಗಿದೆ,
ಒಡೆದ ಗಾಜಿನ ಹಿಂದೆ.

ಹುಲಿಗೆವ್ವಾಯಿಯ ಎರಡೂ ಕಣ್ಣಿಗೆ ಪೊರೆ.
ಕಿವಿಗೆ ಹಿಡಿ, ಅಂದಳು. ಹಿಡಿದೆ.
"ಯಾರು ಮಾತಾಡಾಕತ್ಯಾರ?"
ನಮ್ಮ ಕೇರಿಯವರೇ, ಆಯಿ.
"ಸುಳ್ಳು ಹೇಳಬ್ಯಾಡ. ನಮ್ಮ ಕೇರ್‍ಯಾಗ ಯಾರು
ಹಿಂಗ ತುಪ್ಪ ನೆಕ್ಕಿದಂಗ ಮಾತಾಡ್ತಿದ್ರು?"

ನಿರ್ದೇಶಕ ಬಿಳಿ ಟೊಪ್ಪಿಗೆಯವ.
ಬಂದ ದಿನ ಅಗಸಿ ಕಟ್ಟೆಯ ಮೇಲೆ ನಿಂತು
ಇಡೀ ಊರೇ ನಮ್ಮ ಕತೆಯ ನಾಯಕ, ಅಂದನಂತೆ.
ಊರು ತಲೆ ಬಾಚಿಕೊಂಡು ಸಾಲಾಗಿ ನಿಂತಿತು.
ಮರುದಿನದಿಂದ ಆರಿಸತೊಡಗಿದರು
ಜೋಳದೊಳಗಿನ ಹಳ್ಳು ಆರಿಸಿದ ಹಾಗೆ.

ಪಿಂಜಾರ ಮೌಲಪ್ಪನಿಗೆ ಬಿಲ್ಲು ನಿಲ್ಲಿಸು ಅಂದರು,
ಟೊಂಯ್ ಟೊಂಯ್ ಮಷೀನಿನೊಳಗೆ ಹೊಗುತ್ತದೆ ಅಂತ.
ಹದಿನೇಳು ದಿನ ಹತ್ತಿ ಹಾಗೇ ಬಿದ್ದಿತ್ತು.
ಅಲಾಯಿ ಕುಣಿಗೆ ಅಡ್ಡ ಒಂದು ಹುಲ್ಲಿನ ಬಂಡಿ ನಿಲ್ಲಿಸಿದರು.
ಕತೆಯಲ್ಲಿ ಅದಿಲ್ಲವಲ್ಲ.
ತಾಂಡಾದ ಸೋಮ್ಲಿಬಾಯಿಗೆ,
ನಿನ್ನ ಕಾಂಚಳಿಯ ಕನ್ನಡಿ ಕ್ಯಾಮರಾಕ್ಕೆ ಕುಕ್ಕುತ್ತವೆ,
ಹಿಂದಕ್ಕೆ ಸರಿ,
ಇನ್ನೂ ಹಿಂದಕ್ಕೆ,
ಬೇವಿನ ಗಿಡದ ಆಚೆ.

ಆಯಿಯನ್ನು ಕರೆದರು.
ಮುಖ ಬೇಡ, ಕೈ ತೋರಿಸು, ಅಂದರು.

ಮದರಾಸಿನಿಂದ ಬಂದ ನಾಯಕಿಗೆ ರೊಟ್ಟಿ ಬಡಿಯಲು ಬಾರದು.
ಹಿಟ್ಟು ಅಂಗೈಗೆ ಹತ್ತಿತು, ಅಂಚು ಹರಿಯಿತು,
ಪಾಪ, ಅತ್ತಳಂತೆ ಹುಡುಗಿ.
ಆಕೆಯ ಮುಖಕ್ಕೆ ದಿನಾ ಬೆಳಗ್ಗೆ ಕರಿ ಬಳಿಯುವವನು
ಆಯಿಯ ಮುಂಗೈ ಹಿಡಿದು, ನೋಡಿ ನೋಡಿ,
ಅದೇ ಬಣ್ಣ ಕಲಸಿದ.
"ಎಷ್ಟು ಮೆತ್ತಗ ಹಿಡದಿದ್ದ ಗೊತ್ತೇನು.
ಊರಾಗ ಬಳಿಗಾರ ಸುದ್ದಾ ನನ್ನ ಕೈ ಮುಟ್ಟತಿದ್ದಿಲ್ಲ,
ದೂರಿಂದ ಒಗಿತಿದ್ದ."
ಹಸಿರು ಬಳೆ ತೊಡಿಸಿದರು, ಹನ್ನೆರಡು.
ಸಂಜೆಗೆ ಎಣಿಸಿ ವಾಪಸ್ ಇಸಕೊಂಡರು, ಹನ್ನೊಂದು.
ಒಡೆದ ಒಂದಕ್ಕೆ ಕೂಲಿಯಲ್ಲಿ ನಾಲ್ಕಾಣೆ ಮುರಿದರು.

ಈಗ ಬಂತು ಆಯಿ, ಆ ದೃಶ್ಯ.
ತಟ್ ತಟ್ ತಟ್.
ಮ್ಯಾಲಿನ ಓಣಿಯ ಹುಡುಗ ಕೇರಿಗೆ ಬಂದು
ಆಕೆಯ ಕೈಯ ರೊಟ್ಟಿ ಮುರಿದು ತಿನ್ನುತ್ತಾನೆ. ಹಿಂದೆ ಕೊಳಲು.
ಬಹುಮಾನ ಬಂದದ್ದು ಇದಕ್ಕೇ ಅಂತೆ.
ಲಿಂಗಸುಗೂರಿನ ಕಾಲೇಜಿನಲ್ಲಿ ತೋರಿಸಿದಾಗ
ನಮ್ಮ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.
ನಾನೂ ಅತ್ತಿದ್ದೆ.

ಆಯಿ ಕಿವಿ ಸರಿಸಿದಳು.
"ಬ್ಯಾರೆ ರೊಟ್ಟಿ ಅದು."

ಯಾವುದು?

"ಅಂವ ತಿಂದದ್ದು.
ದೇಸಾಯರ ಮನಿಯಿಂದ ಅರಿವಿ ಮುಚ್ಚಿ ತಂದಿದ್ರು.
ನಂದು ಹಂಚಿನ ಮ್ಯಾಲ ಇರೋತನಕ ತಗದ್ರು, ಕಟ್ ಅಂದ್ರು.
ಉಡ್ಯಾಗ ಹಾಕ್ಕೊಂಡು ಮನಿಗೆ ತಂದೆ.
ನಿಮ್ಮವ್ವ ತಿಂದ್ಲು, ಖಾರ ಹಚ್ಚಿ."

ಹಿಂದಕ್ಕೆ ಎಳೆದೆ, ಮುಂದಕ್ಕೆ, ಮತ್ತೆ ಹಿಂದಕ್ಕೆ.
ಹಂಚಿನ ಮೇಲಿನದರ ಅಂಚಿನಲ್ಲಿ
ಆಯಿಯ ಹೆಬ್ಬೆರಳಿನ ತಗ್ಗು ಇದೆ.
ಅವನು ಮುರಿಯುವುದರಲ್ಲಿ ಇಲ್ಲ.
ಆರು ಸಲ ನೋಡಿದ್ದೆ ಈ ಸಿನಿಮಾ.

ಹಾಗೆ ಎಳೆದಾಡುವಾಗ ಇನ್ನೊಂದು ಕಂಡಿತು.
ಹುಡುಗ ಬಾಗಿಲಲ್ಲಿ ನಿಂತಾಗ, ಹಿಂದಿನ ಗ್ವಾಡಿಯ ಮೇಲೆ
ಏಳೆಂಟು ಬೆಳಕಿನ ಚೂರು
ನಡುಗುತ್ತ ಓಡಿ
ಅವನ ಹಣೆಯ ಮೇಲೆ ಒಂದು ಗಳಿಗೆ ಕೂತು
ಹೋದವು.
ಹೇಳಿದೆ.
ಆಯಿ ಬೊಚ್ಚುಬಾಯಿ ತುಂಬ ನಕ್ಕಳು.
"ಸೋಮ್ಲಿ! ಬೇವಿನ ಗಿಡದ ಆಚಿಂದ.
ಹೋಗಂದ್ರ ಹೋಗಾಕಿ ಅಲ್ಲ ಆಕಿ."

ಕೊನೆಗೆ ಹೆಸರುಗಳು ಬಂದವು. ಓದು, ಅಂದಳು.
ದೇಸಾಯರು. ಅವರ ತಮ್ಮ.
ಎತ್ತು ಕೊಟ್ಟ ಸಾಹುಕಾರರು.
ಮತ್ತು ಗ್ರಾಮಸ್ಥರು.
"ಎತ್ತಿನ ಹೆಸರು ಹಾಕ್ಯಾರೇನು?"
ಇಲ್ಲ.
"ಪಾಪ," ಅಂದಳು,
"ಭಾಳ ಛಲೋ ಎತ್ತಿದ್ವು."