ಕೆಳಗಿನ ಸ್ಟೇಷನ್ನು

ಬಾಕುರಿಯಾನಿಯಲ್ಲಿ ಹಿಮ ಕರಗಿ
ಹುಲ್ಲು ಮೊಣಕಾಲಿಗೆ ಬಂದಮೇಲೆ
ಕುರ್ಚಿಗಳಿಗೆ ಎಣ್ಣೆ ಬಿಡುತ್ತೇವೆ.
ನೂರಾ ಹನ್ನೆರಡು ಕುರ್ಚಿ, ಒಂದೇ ಉಕ್ಕಿನ ಹಗ್ಗ.
ಮೇಲಿನ ತುದಿಗೆ ಜುಂಬೇರ್,
ಕೆಳಗಿನ ತುದಿಗೆ ನಾನು, ನಾಜಿಬ್ರೋಲಾ.
ನಡುವೆ ಒಂದು ಕರಿ ಟೆಲಿಫೋನು,
ಅದಕ್ಕೆ ನನಗಿಂತ ಹೆಚ್ಚು ಕೆಮ್ಮು.

ಚಳಿಗಾಲವೆಂದರೆ ನನಗೆ ಬರೀ ಬೆನ್ನು.
ಕೆಂಪು ಬೆನ್ನು, ಹಳದಿ ಬೆನ್ನು, ನಂಬರು ಅಂಟಿಸಿದ ಬೆನ್ನು.
ಮಂಡಿಯ ಹಿಂದೆ ಕುರ್ಚಿ ತಾಗಿದ್ದೇ ತಡ
ಕೂತರು, ತೇಲಿದರು, ಮಂಜಿನೊಳಗೆ ಮಾಯ.
ಜಾರಿಕೊಂಡು ಇನ್ನೆಲ್ಲೋ ಇಳಿಯುತ್ತಾರೆ.
ನನ್ನ ಬಳಿ ವಾಪಸು ಬರುವುದು ಖಾಲಿ ಕುರ್ಚಿ,
ಒಂದರ ಹಿಂದೊಂದು,
ಎಲೆ ಹಾಕಿಯೂ ಯಾರೂ ಬಂದು ಕೂರದ ಪಂಕ್ತಿಯ ಹಾಗೆ.

ಬೇಸಿಗೆಯಲ್ಲಿ ಹಾಗಲ್ಲ.
ಹತ್ತಿದವರು ಇಳಿಯಬೇಕು,
ಅದೂ ನನ್ನ ಕಡೆಗೇ ಮುಖ ಮಾಡಿ.

ಜಗಳವಾಡುತ್ತ ಹತ್ತಿದ ತ್ಬಿಲಿಸಿಯ ಜೋಡಿ
ಒಂದೇ ಜೋಳದ ತೆನೆ ಕಚ್ಚುತ್ತ ಇಳಿದದ್ದು ನೋಡಿದ್ದೇನೆ.
ನಗುತ್ತ ಹತ್ತಿದ ಇನ್ನೊಂದು ಜೋಡಿ
ಇಳಿದದ್ದು ಬೇರೆ ಬೇರೆ ಕುರ್ಚಿಯಲ್ಲಿ,
ನಡುವೆ ಒಂದನ್ನು ಖಾಲಿ ಬಿಟ್ಟು.
ಬಿದ್ದೀತೆಂದು ಚಪ್ಪಲಿ ಎರಡನ್ನೂ
ಎದೆಗೆ ಅವುಚಿಕೊಂಡಿದ್ದ ಅಜ್ಜಿ
ಕಾಲ್ಬೆರಳು ಅಗಲಿಸಿ ಗಾಳಿಗೆ ಹಿಡಿದಿದ್ದಳು,
ಆ ಬೆರಳುಗಳಿಗೆ ಆಗ ಏಳೋ ಎಂಟೋ ವಯಸ್ಸು.
ನಿದ್ದೆಹೋದ ಮಗುವಿನ ಬಾಯಿಗೆ
ತರ್ಖೂನಾ ಷರಬತ್ತಿನ ಹಸಿರು ಮೀಸೆ.
ಸೈಕಲ್ಲು ಹತ್ತಿಸಿಕೊಂಡು ಹೋದವನೊಬ್ಬ
ಮೇಲಿಂದ ಇಳಿಜಾರು ನೋಡಿ
ಸೈಕಲ್ಲಿನ ಸಮೇತ ಅದೇ ಹಗ್ಗದಲ್ಲಿ ಮರಳಿದ.
"ಬ್ರೇಕು ಸರಿಯಿಲ್ಲ" ಅಂದ.
"ಹೌದಪ್ಪ, ಈ ವರ್ಷ ಎಲ್ಲರ ಬ್ರೇಕೂ ಕೆಟ್ಟಿದೆ" ಅಂದೆ.

ಬೇಲಿಯಾಚೆ ಬೆಸಿಕನ ಕುದುರೆ ಲುರ್ಜಾ.
ಹುಡುಗನಿಗೆ ಹನ್ನೆರಡು, ಕುದುರೆಗೆ ಇಪ್ಪತ್ತು.
"ರೇಸಿನ ಕುದುರೆ" ಎಂದು ಕೂಗುತ್ತಾನೆ.
ಕುದುರೆ ಮಾತ್ರ ಪ್ರತಿ ಸುತ್ತಿನಲ್ಲೂ
ಪೈನ್ ಕಾಯಿಯ ಮುರಬ್ಬ ಮಾರುವವಳ ಎದುರು ನಿಲ್ಲುತ್ತದೆ,
ಯಾವಾಗಲೋ ಯಾರೋ ಕೊಟ್ಟ ಸಕ್ಕರೆಯ ನೆನಪಿಗೆ.
ಮೇಲೆ ಕೂತ ರೇಸಿನ ಸವಾರ
ಅಮ್ಮಾ ಎಂದು ಅಳುತ್ತಿರುತ್ತಾನೆ.

ಸಂಜೆ ಆರಕ್ಕೆ ಫೋನು ಕೆಮ್ಮುತ್ತದೆ.
"ಎಷ್ಟು ಜನ ಹತ್ತಿಸಿದೆ?"
"ಮುನ್ನೂರ ಆರು."
"ನಾನು ಇಳಿಸಿದ್ದು ಇನ್ನೂರ ಎಂಬತ್ತು."
"ಮಿಕ್ಕವರು?"
"ಒಂದಿಷ್ಟು ಜನ ಬಣ್ಣದ ರೆಕ್ಕೆ ಕಟ್ಟಿಕೊಂಡು ಹಾರಿದರು,
ಒಂದಿಷ್ಟು ಜನ ಸೈಕಲ್ಲಿನಲ್ಲಿ ಉರುಳಿದರು,
ಹೂ ಕೀಳುವವರು ಹೂ ಮುಗಿದಮೇಲೆ ಬರುತ್ತಾರೆ."

ಹಗ್ಗದ ಕೆಳಗಿನ ಹುಲ್ಲಿನಲ್ಲಿ ಚೀಲ ಹಿಡಿದು ನಡೆಯುತ್ತೇನೆ.
ಒಂಟಿ ಚಪ್ಪಲಿಗಳು, ಒಂದು ತಂಪು ಕನ್ನಡಕ,
ಫೆಬ್ರವರಿಯಲ್ಲಿ ಬಿದ್ದ ಕೈಗವಸು,
ಅದರ ಹೆಬ್ಬೆರಳಲ್ಲೀಗ ಇರುವೆಗಳ ಸಂಸಾರ.
ಅದನ್ನು ಅಲ್ಲೇ ಬಿಟ್ಟೆ.
ಉಳಿದದ್ದು ಬೇಲಿಯ ಗೂಟಕ್ಕೆ.
ಇನ್ನೊಂದು ಕಾಲು ಹುಡುಕಿಕೊಂಡು
ಇವತ್ತಿನವರೆಗೆ ಯಾರೂ ಬಂದಿಲ್ಲ.

ಕೊನೆಯ ಕುರ್ಚಿ ಜುಂಬೇರನದು.
ಚಳಿಗಾಲದಲ್ಲಿ ಅವನು ಸ್ಕೀ ಕಟ್ಟಿ
ಕಾಡಿನ ದಾರಿಯಲ್ಲಿ ಸೀದಾ ತನ್ನ ಮನೆಗೆ.
ನವೆಂಬರಿನಿಂದ ಏಪ್ರಿಲ್ ತನಕ ನನಗೆ ಅವನು ಬರೀ ದನಿ,
ಅದೂ ಆ ಕೆಮ್ಮಿನ ನಡುವೆ.
ಈ ಬೇಸಿಗೆಯ ಮೊದಲ ಸಂಜೆ
ಮೊದಲು ಒಂದು ಚುಕ್ಕೆ, ಆಮೇಲೆ ಬೂಟು,
ಮಡಿಲಲ್ಲಿ ಊಟದ ಡಬ್ಬಿ,
ಆಮೇಲೆ ಮುಖ.
ಮೀಸೆ ಬೋಳಿಸಿದ್ದ.
ಇಷ್ಟು ದಿನ ಫೋನಿನಲ್ಲಿ ಒಂದು ಮಾತು ಹೇಳಿರಲಿಲ್ಲ.

ವೇಗ ತಗ್ಗಿಸುವ ಹಸಿರು ಗುಂಡಿ ಇರುವುದು
ಮಕ್ಕಳಿಗೆ, ಮುದುಕರಿಗೆ. ಹಾಗಂತ ನಿಯಮ.
ಅವನಿಗಿನ್ನೂ ಐವತ್ತೆಂಟು.
ಒತ್ತಿದೆ.

ಕುರ್ಚಿಯಿಂದ ಇಳಿಯುತ್ತ ಕೇಳಿದ:
"ಏನಾಗಿದೆ ಮೋಟಾರಿಗೆ, ಇಷ್ಟು ನಿಧಾನ?"

"ಎಣ್ಣೆ ಸಾಲದು" ಅಂದೆ.