ನೂರಹತ್ತು ಮೀಟರು

ಅರಸೀಕೆರೆಯ ಕೊಬ್ಬರಿ ಯಾರ್ಡಿನಲ್ಲಿ
ಆಫೀಸಿನ ಆಂಪ್ಲಿಫಯರಿನಿಂದ ಹಿಂದಿನ ಗೇಟಿಗೆ
ಟೇಪು ಹಿಡಿದು ಅಳೆದೆ: ನೂರಹತ್ತು ಮೀಟರು.
ಅಲ್ಲಿ ಕೂರುವವರಿಗೆ ಟೆಂಡರಿನ ಬೆಲೆ ಕೇಳದೆಂದು ದೂರು.

ತುಮಕೂರಿಂದ ಬಂದ ಪದ್ಮರಾಜ
ಸುರುಳಿ ಬಿಚ್ಚಿದ. ಹಾವಿನ ಪೊರೆಯಂಥ ಹೊಳಪು.
'ಆಮ್ಲಜನಕವಿಲ್ಲದ ತಾಮ್ರ ಸಾರ್.
ಬಾಣದ ಗುರುತು ನೋಡಿ, ದನಿ ಈ ಕಡೆಗೇ ಹರಿಯೋದು,
ತಿರುಗಿಸಿ ಹಾಕಿದ್ರೆ ಮಾತು ಮಂಕಾಗುತ್ತೆ.'
ಕಾರ್ಯದರ್ಶಿ ಬಾಣವನ್ನು ಬೆರಳಲ್ಲಿ ಸವರಿದರು
ಮಗಳಿಗೆ ಬೆಳ್ಳಿ ಕಾಲುಚೈನು ಕೊಳ್ಳುವವರ ಹಾಗೆ.

ಸೆಕೆಂಡಿಗೆ ನೂರಾರು ಸಲ
ಹಿಂದಕ್ಕೂ ಮುಂದಕ್ಕೂ ಜೀಕುವ ಕರೆಂಟಿಗೆ
ಒನ್‌ವೇ ಬೋರ್ಡು ಓದಲು ಬರುತ್ತದೆಯೆ, ಕೇಳಿದೆ.
ನಕ್ಕ. 'ಕಿವಿ ಪಳಗಬೇಕು ಸಾರ್.'

ಪಳಗದ ಸಾಧನ ಒಂದಿತ್ತು ಚೀಲದಲ್ಲಿ.
ಮೀಟರಿನ ಎರಡು ಮೂತಿ ಮುಟ್ಟಿಸಿದರೆ ಸೊನ್ನೆ ಪಾಯಿಂಟ್ ಮೂರು;
ಅದು ಅದರದೇ ಪಾಪ, ಮೊದಲು ಕಳೆಯಬೇಕು.
ಗೇಟಿನವರೆಗೆ ನಡೆದು ತಂತಿಯ ತುದಿಗಳನ್ನು ಹೊಸೆದು ಬಂದೆ.
ಈಗಿರುವ ಸಣಕಲು ತಂತಿ: ಮೂರೂ ಮುಕ್ಕಾಲು ಓಮು.
ಹೋಗುವುದಷ್ಟೇ ಅಲ್ಲ, ಬರುವುದೂ ಲೆಕ್ಕಕ್ಕುಂಟು,
ನೂರಹತ್ತು ಎಂದರೆ ಇನ್ನೂರ ಇಪ್ಪತ್ತು.
ಎಂಟು ಓಮಿನ ಹಾರನ್ನಿಗೆ ಸಿಗಬೇಕಾದ ಬಲದಲ್ಲಿ
ಅರ್ಧವೂ ಮುಟ್ಟುತ್ತಿರಲಿಲ್ಲ.

ಬಾಣದ ತಂತಿ: ಒಂದಕ್ಕೆ ತುಸು ಕಡಿಮೆ.
ಪೇಟೆಬೀದಿಯ ಅಂಗಡಿಯದು, ಅಷ್ಟೇ ದಪ್ಪದ ತಾಮ್ರ,
ಬೆಲೆ ಆರರಲ್ಲೊಂದು ಪಾಲು:
ಒಂದಕ್ಕೆ ತುಸು ಕಡಿಮೆ.

'ಮೀಟರಿಗೆ ಕಿವಿ ಎಲ್ಲಿದೆ ಸಾರ್?'
ಅದೂ ನಿಜವೇ.
ಗೇಟಿನ ಬಳಿ ಚೀಲ ಹೊಲಿಯುವ ಹೊನ್ನಗಂಗಮ್ಮನಿಗೆ
ಯಾವುದು ಯಾವುದೆಂದು ಹೇಳದೆ
ಚೀಟಿ ಎತ್ತಿದಂತೆಲ್ಲ ತಂತಿ ಬದಲಿಸುತ್ತ
ಹನ್ನೆರಡು ಸಲ ಒಂದೇ ಬೆಲೆ ಕೂಗಿಸಿದೆ.

ದಬ್ಬಳ ನಿಲ್ಲಿಸದೆ ಹೇಳಿದಳು:
'ಒಂದು ಮಾತ್ರ ಬಾವಿಯೊಳಗಿಂದ ಕೂಗ್ದಂಗೈತೆ.
ಮಿಕ್ಕಿದ್ದೆಲ್ಲ ಒಂದೇಯ.
ಅಲ್ಲಣ್ಣ, ಹನ್ನೆರಡು ಸಲ ಕೂಗಿದ್ರಲ್ಲ,
ಒಂದ್ಸಲಾನೂ ಬೆಲೆ ಏರ್ಲಿಲ್ವಲ್ಲ?'

ಕಾರ್ಯದರ್ಶಿ ಕೆಮ್ಮಿ, ಅಂಗಡಿಯ ತಂತಿಯನ್ನೇ ಬರೆದರು.
ಪದ್ಮರಾಜ ಮೊಣಕೈಗೆ ಸುರುಳಿ ಸುತ್ತಿಕೊಳ್ಳುತ್ತಿದ್ದ,
ಸರಸರನೆ,
ಬಾಣಕ್ಕೆ ಎದುರಾಗಿ.