ತಾರೀಖು ಮೀರಿದ್ದು

ಶನಿವಾರ ಬೆಳಗ್ಗೆ ಒಂಬತ್ತೂಕಾಲು.
ಚಾಪೆಲ್ಲಿನ ನೆಲಮಾಳಿಗೆಯಲ್ಲಿ ಹೀಟರು ಕೆಮ್ಮುತ್ತಿದೆ.
ತೂಕದ ಯಂತ್ರದ ಮುಂದೆ ಗೆಥಿನ್,
ಬೆರಳ ತುದಿಯವರೆಗೂ ತೋಳು ಎಳೆದುಕೊಂಡ ಸ್ವೆಟರಿನಲ್ಲಿ.
ದಾನ ಬಂದದ್ದನ್ನೆಲ್ಲ ತೂಗಿ ಬರೆಯಬೇಕು, ನಿಯಮ ಅದು:
ಬೀನ್ಸ್ ಡಬ್ಬಿ, ಪಾಸ್ತಾ, ಮಗುವಿನ ಹಾಲುಪುಡಿ,
ಯಾರದೋ ಮದುವೆಗೆ ಬಂದು ತೆರೆಯದೆ ಉಳಿದ ಚಹಾಪೆಟ್ಟಿಗೆ.

'ಹನ್ನೊಂದು ಕಿಲೋ ನಾನೂರು' ಅನ್ನುತ್ತಾನೆ
ತನ್ನ ಸ್ವೆಟರಿಗೇ ಹೇಳಿಕೊಂಡ ಹಾಗೆ.
'ಜೋರಾಗಿ ಹೇಳಪ್ಪ, ನನಗೆ ಎಡಗಿವಿ ಕೇಳಿಸದು.'
ಬರೆಯುವ ಪುಸ್ತಕ ನನ್ನದು.
ಎಡಗಿವಿ ಚೆನ್ನಾಗಿಯೇ ಕೇಳುತ್ತದೆ.

ಹದಿನಾರು ವರ್ಷ. ರೋಂಡಾ ಕಣಿವೆಯಲ್ಲಿ
ಕಲ್ಲಿದ್ದಲ ಗಣಿಗಳೆಲ್ಲ ಮುಚ್ಚಿದ ಎಷ್ಟೋ ಕಾಲಕ್ಕೆ ಹುಟ್ಟಿದವನು.
ಗಂಡಸನ್ನು ಅಗೆದು ತೆಗೆಯುವ ಕೆಲಸ ಮಾತ್ರ
ಇಲ್ಲಿ ಇನ್ನೂ ಮೂರು ಪಾಳಿಯಲ್ಲಿ ನಡೆದೇ ಇದೆ.

ಮಾರ್ಚಿನಲ್ಲಿ ಅಮ್ಮನಿಗೆ ಹೇಳಿದ.
ಅಮ್ಮ ತನ್ನ ಅಕ್ಕನಿಗೆ, ಅಕ್ಕ ಬಸ್ಸಿಗೆ, ಬಸ್ಸು ಊರಿಗೆ.
ಮುಂದಿನ ಭಾನುವಾರ ಡೀಕನ್ ಪ್ರಿಚರ್ಡ್
ಯಾರ ಹೆಸರೂ ಎತ್ತದೆ ತುಂಬ ಪ್ರೀತಿಯಿಂದ ಹೇಳಿದರು:
ಸಂಡೇ ಸ್ಕೂಲಿನ ಚಿಕ್ಕಮಕ್ಕಳನ್ನು
ಸದ್ಯಕ್ಕೆ ಬೇರೆ ಯಾರಾದರೂ ನೋಡಿಕೊಳ್ಳಲಿ.

ಸದ್ಯಕ್ಕೆ.
ಎಷ್ಟು ಮೆತ್ತನೆಯ ಮಾತು, ಬೆಕ್ಕಿನ ಪಾದ,
ಉಗುರೆಲ್ಲ ಒಳಗೆ.

ನಾನು ಮೂರನೆಯ ಸಾಲಿನಲ್ಲಿದ್ದೆ,
ಉಣ್ಣೆಗವಸಿನ ದಾರ ಎಳೆಯುತ್ತ.
ಎಳೆದೆಳೆದು ಹೆಬ್ಬೆರಳು ಪೂರ್ತಿ ಬಿಚ್ಚಿತು.
ಬಾಯಿ ಬಿಚ್ಚಲಿಲ್ಲ.

ಹುಡುಗ ಡಬ್ಬಿಗಳ ಹತ್ತಿರ ಇರಲಿ, ಅಂದರು.
ಡಬ್ಬಿಗಳು ಕೆಡುವುದಿಲ್ಲವಲ್ಲ.

ಇಲ್ಲಿ ಸಾಲಿನಲ್ಲಿ ನಿಲ್ಲುವವರು ಕಣ್ಣೆತ್ತುವುದಿಲ್ಲ.
ಅವನಿಗೆ ಆ ಭಾಷೆ ಬರುತ್ತದೆ.
ಲಾರಿ ಓಡಿಸುತ್ತಿದ್ದ ಡಿಲ್ವಿನ್, ಬೆನ್ನು ಹೋದವನು,
ಮೊದಲ ಸಲ ಬಂದು ಬಾಗಿಲಿನಿಂದಲೇ ಹಿಂದಿರುಗಿದಾಗ
ಗೆಥಿನ್ ಅಂಗಿಯಲ್ಲೇ ಚಳಿಗೆ ಓಡಿದ.
'ಈ ಡಬ್ಬಿಗಳ ತಾರೀಖು ಸ್ವಲ್ಪ ಓದಿ ಕೊಡ್ತೀರಾ?
ಅಕ್ಷರ ಸಣ್ಣ, ನನ್ನ ಕಣ್ಣಿಗೆ ಕಾಣೋದಿಲ್ಲ.'
ಹದ್ದಿನ ಕಣ್ಣಿನ ಹುಡುಗ! ಇಂಥ ಸುಳ್ಳು
ಎಲ್ಲಿ ಕಲಿತನೋ.
ಡಿಲ್ವಿನ್ ಕುರ್ಚಿ ಎಳೆದುಕೊಂಡು ಮಧ್ಯಾಹ್ನದವರೆಗೆ ಓದಿದ.
ಹೋಗುವಾಗ ಚೀಲ ತುಂಬಿತ್ತು,
ಸಾಲಿನಲ್ಲಿ ನಿಂತೇ ಇರಲಿಲ್ಲ.

ಅಕ್ಟೋಬರು. ಸುಗ್ಗಿಯ ಕೃತಜ್ಞತೆಯ ವಾರ.
ಪ್ರಿಚರ್ಡ್ ತಾವೇ ಹೊತ್ತು ತಂದರು ಒಂದು ಪೆಟ್ಟಿಗೆ.
ಗೆಥಿನ್ ತೂಗಿದ. ಒಂದೊಂದೇ ತಿರುಗಿಸಿ ನೋಡಿದ.
ಪೀಚ್ ಹಣ್ಣಿನ ಐದು ಡಬ್ಬಿ ಪಕ್ಕಕ್ಕಿಟ್ಟ.
'ಇವುಗಳ ತಾರೀಖು ಮೀರಿದೆ, ಮಿಸ್ಟರ್ ಪ್ರಿಚರ್ಡ್.'
'ಎರಡು ವರ್ಷ ತಾನೆ. ನಾವೆಲ್ಲ ತಿಂದೇ ಬೆಳೆದದ್ದು.'
'ಇರಬಹುದು. ನಾನು ತಿನ್ನಲಾರದ್ದನ್ನು
ಇನ್ನೊಬ್ಬರ ಕೈಗೆ ಇಡೋದಿಲ್ಲ.'

ಎರಡೂ ಕಿವಿಗೆ ಕೇಳಿಸಿತು.
ಹೀಟರು ಕೂಡ ಒಂದು ಗಳಿಗೆ ಕೆಮ್ಮು ನುಂಗಿಕೊಂಡಿತು.
ಪುಸ್ತಕದಲ್ಲಿ ಬರೆದೆ:
ಹಿಂದಿರುಗಿಸಿದ್ದು, ಎರಡು ಕಿಲೋ.

ಪ್ರಿಚರ್ಡ್ ಕಾರಿನವರೆಗೆ ಡಬ್ಬಿಗಳನ್ನು ತಬ್ಬಿಕೊಂಡು ಹೋದರು,
ಮುದಿಬೆನ್ನು, ಪಾಪ, ನನಗೂ ಅಯ್ಯೋ ಅನ್ನಿಸಿತು.
ಭಾನುವಾರ ಅವರು ಹೇಳುವುದು ಬದಲಾಗಿಲ್ಲ.
ಸದ್ಯಕ್ಕೆ ಇನ್ನೂ ಸದ್ಯಕ್ಕೆಯೇ.

ಕೆಲಸ ಮುಗಿದು ಎಲ್ಲರೂ ಕೈಕೈ ಹಿಡಿದು
ಪ್ರಾರ್ಥನೆಗೆ ನಿಲ್ಲುವ ಹೊತ್ತಿಗೆ
ಗೆಥಿನ್ ಕಸದ ತೊಟ್ಟಿ ಎಳೆದುಕೊಂಡು ಹೊರಗೆ ಹೋಗುತ್ತಾನೆ,
ಪ್ರತಿ ವಾರ. ಯಾರೂ ಕೇಳುವುದಿಲ್ಲ.
ತೊಟ್ಟಿಗೆ ಎರಡು ಹಿಡಿ ಇರುವುದು
ಏಳು ತಿಂಗಳ ಮೇಲೆ ನನ್ನ ಕಣ್ಣಿಗೆ ಬಿತ್ತು.

ಇಳಿಜಾರಿನಲ್ಲಿ ಇಬ್ಬರೂ ಎಳೆದೆವು.
ಒಳಗೆ ಆಮೆನ್ ಅಂದರು.
'ನಿಮ್ಮ ಎಡಗಿವಿ ಹೇಗಿದೆ?' ಅಂದ, ತುಟಿಯಂಚಿನಲ್ಲೇ ನಕ್ಕು.
'ಹಾಗೇ ಇದೆ' ಅಂದೆ,
'ಜೋರಾಗಿ ಹೇಳು.'